ದೊರೆಯ ತಲೆಯ ಕೆಳಗಿನ ಚೀಟಿ

ಹಳೆಯ ಕಾಗದ ರಿಪೇರಿ ಮಾಡುವ ಕೆಲಸಕ್ಕೆ ತಾಳ್ಮೆ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ತಾಳ್ಮೆ ಇರಲೇ ಇಲ್ಲ. ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಒಂದು ಫ್ರೇಮಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತು ಹರಿದ ನಕ್ಷೆ, ಹುಳ ತಿಂದ ಸರ್ಟಿಫಿಕೇಟು, ಮಾಸಿದ ಚಿತ್ರ ಎಲ್ಲವನ್ನೂ ನೆಟ್ಟಗೆ ಮಾಡಿದ್ದೇನೆ, ಎಲ್ಲವನ್ನೂ ಬೈದುಕೊಂಡೇ. ಹೋದ ವರ್ಷ ಕಣ್ಣು ಸಾಕು ಅಂದಿತು, ಬಿಟ್ಟೆ. ಮೈಸೂರಿನಲ್ಲಿ ನನ್ನ ತಂಗಿಯ ಮಗಳು ಪಲ್ಲವಿ ಇದೇ ವಿದ್ಯೆ ಕಲಿಯಲು ಸೇರಿದ್ದಾಳೆ. "ದೊಡ್ಡಮ್ಮ, ನಮ್ಮ ಕ್ಲಾಸಿನವರು ಓದೋಕೆ ನಿಮ್ಮ ಅನುಭವ ಬರೆದು ಕಳಿಸಿ" ಎಂದು ಫೋನಿನಲ್ಲಿ ಗಂಟುಬಿದ್ದಳು. ಬರೆಯುತ್ತಿದ್ದೇನೆ. ಬುದ್ಧಿಮಾತು ಸಿಗುತ್ತದೆ ಅಂತ ಕಾಯಬೇಡಿ. ನನ್ನ ಹತ್ತಿರ ಇರುವುದು ಬಹುಪಾಲು ಗೊಂದಲ.

ನಾನು ಇಲ್ಲಿಗೆ ಬಂದದ್ದು ಗಂಡನ ಹಿಂದೆ. ಅವರಿಗೆ ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯಲ್ಲಿ ಇಂಜಿನಿಯರ್ ಕೆಲಸ, ಮನೆ ಸೌತ್ ಬಿ ಎಂಬ ಬಡಾವಣೆಯಲ್ಲಿ. ಮದುವೆಗೆ ಮುಂಚೆ ನಾನು ಮೈಸೂರಿನಲ್ಲಿ ಓಲೆಗರಿಗಳಿಗೆ ಎಣ್ಣೆ ಸವರುತ್ತ, ಹಳೆಯ ಕಾಗದದ ಕಟ್ಟುಗಳಿಗೆ ತೇಪೆ ಹಾಕುತ್ತಿದ್ದೆ. ಇಲ್ಲಿ ಮನೆಯಲ್ಲಿ ಕೂತು ಕೂತು ಹುಚ್ಚು ಹಿಡಿಯುವ ಹಾಗಾದಾಗ ಯಾರೋ ಪಿಂಟೋ ಮೇಡಂ ಅಂಗಡಿಯ ದಾರಿ ತೋರಿಸಿದರು. ಅವರು ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು. ಫೋನಿನಲ್ಲಿ ಕೊಂಕಣಿ, ಗಿರಾಕಿಗಳ ಜೊತೆ ಇಂಗ್ಲಿಷು, ಸ್ವಾಹಿಲಿ, ನನ್ನ ಜೊತೆ ಮಂಗಳೂರು ಕನ್ನಡ. ಬೈಯುವುದು ಮಾತ್ರ ನಾಲ್ಕರಲ್ಲೂ.

ಮೈಸೂರಿನಲ್ಲಿ ನಾವು ಮೈದಾ ಅಂಟಿಗೆ ಹುಳ ಬರದಿರಲಿ ಅಂತ ಮೈಲುತುತ್ತ ಹಾಕುತ್ತಿದ್ದೆವು. ಮೊದಲ ದಿನ ನಾನು ಅದನ್ನು ಕೇಳಿದ್ದಕ್ಕೆ ಮೇಡಂ, ನಿಮ್ಮ ಊರಿನ ವಿಷ ನಿಮ್ಮ ಊರಲ್ಲೇ ಇರಲಿ, ಇಲ್ಲಿ ಬೇಡ ಅಂದರು. ಗೋಧಿಯ ಹಿಟ್ಟನ್ನು ತೊಳೆದು, ಬರೀ ಪಿಷ್ಟ ತೆಗೆದು, ಸಣ್ಣ ಉರಿಯಲ್ಲಿ ಗಂಜಿ ಕಾಯಿಸಿ, ಮೂರು ಸಲ ಜರಡಿ ಹಿಡಿಯುವುದನ್ನು ಕಲಿಸಿದರು. ಅದು ನೀರು ಸೋಕಿಸಿದರೆ ಬಿಡುವ ಅಂಟು. ಮುಂದೆ ಬರುವವರು ಬಿಚ್ಚಬಹುದು. ಬಿಚ್ಚಲು ಬಾರದ ಹಾಗೆ ಅಂಟಿಸಿದವರನ್ನು ಮೇಡಂ ಕೊಲೆಗಾರರು ಅಂತಲೇ ಕರೆಯುತ್ತಿದ್ದರು. ಸೆಲ್ಲೋಟೇಪ್ ಹಾಕಿದವರಿಗೆ ಅವರ ಪ್ರಕಾರ ಸ್ವರ್ಗದ ಬಾಗಿಲು ಮುಚ್ಚಿದಂತೆಯೇ.

ಮೊದಲ ವರ್ಷ ಒಂದು ಗಿಳಿಯ ಚಿತ್ರವನ್ನು ನೀರಿನ ತಟ್ಟೆಗೆ ಇಳಿಸಿದೆ. ಬಣ್ಣ ಕೈಯಿಂದ ಬಳಿದದ್ದೋ ಅಚ್ಚಿನದ್ದೋ ಎಂದು ನೋಡಲಿಲ್ಲ. ಐದು ನಿಮಿಷ ಬಿಟ್ಟು ಬಂದರೆ ನೀರು ಹಸಿರು, ಗಿಳಿ ಬಿಳಿ. ಮೇಡಂ ಬೈಯಲೇ ಇಲ್ಲ, ಅದೇ ಹೆಚ್ಚು ಉರಿಯಿತು. ಅವತ್ತಿನಿಂದ ಏನನ್ನೇ ಒದ್ದೆ ಮಾಡುವ ಮುಂಚೆಯೂ ಹತ್ತಿಯ ತುದಿಯಲ್ಲಿ ಮೂಲೆ ಒತ್ತಿ ನೋಡುತ್ತೇನೆ. ನೀವೂ ನೋಡಿ.

ಹಳೆಯ ಅಚ್ಚಿನ ಚಿತ್ರಗಳು ನನ್ನ ತಲೆ ಕೆಡಿಸಲು ಶುರು ಮಾಡಿದ್ದು ಆಮೇಲೆ. ಒಬ್ಬ ವಯಸ್ಸಾದ ಇಂಗ್ಲಿಷಿನವರು ಎರಡು ಚಿತ್ರ ತಂದರು. ಎರಡರಲ್ಲೂ ಒಂದೇ ಕುದುರೆ, ಒಂದೇ ಅಂಗಿ, ಒಂದೇ ಮೋಡ. ತಲೆ ಮಾತ್ರ ಬೇರೆ. ಒಂದರಲ್ಲಿ ಇಂಗ್ಲೆಂಡಿನ ದೊರೆ, ಇನ್ನೊಂದರಲ್ಲಿ ಆ ದೊರೆಯ ತಲೆ ತೆಗೆಸಿದ ಸೇನಾಪತಿ. ಅಚ್ಚಿನ ತಗಡು ಕೆತ್ತುವುದು ತಿಂಗಳುಗಟ್ಟಲೆಯ ಕೆಲಸ, ಆಳುವವರು ಬದಲಾದ ಮಾತ್ರಕ್ಕೆ ಅದನ್ನು ಯಾರು ಬಿಸಾಡುತ್ತಾರೆ, ತಲೆಯ ಜಾಗವನ್ನಷ್ಟೇ ಉಜ್ಜಿ ಹೊಸ ತಲೆ ಕೆತ್ತುತ್ತಿದ್ದರು ಎಂದು ಅವರು ವಿವರಿಸಿದರು. ನಾನು ನಕ್ಕುಬಿಟ್ಟೆ. ಹಾಗಾದರೆ ನಿಜವಾಗಿ ಕುದುರೆಯ ಮೇಲೆ ಕೂತವರು ಯಾರು ಎಂದು ಕೇಳಿದೆ. ಕುದುರೆಗೇ ಗೊತ್ತು ಅಂದರು.

ಈಗ ನನ್ನ ನಿಜವಾದ ಕಥೆಗೆ ಬರುತ್ತೇನೆ. ನಿವೃತ್ತಿಗೆ ಸುಮಾರು ಒಂದು ವರ್ಷ ಮುಂಚಿನದು.

ವಂಜಿಕು ಎಂಬ ಟೀಚರ್ ಒಬ್ಬಳು ಅಂಗಡಿಗೆ ಬಂದಳು. ಹೈರಿಡ್ಜ್‌ನ ಒಂದು ಖಾಸಗಿ ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತಿದ್ದಳು. ಮೂವತ್ತರ ಆಸುಪಾಸು, ಮಾತು ಮೆತ್ತಗೆ, ನನ್ನನ್ನು ಮೊದಲ ದಿನದಿಂದಲೇ ಮಾಮಾ ಸುಮಿ ಎಂದು ಕರೆದಳು. ಇಲ್ಲಿ ಮಾಮಾ ಅಂದರೆ ಅಮ್ಮ, ದೊಡ್ಡ ಹೆಂಗಸರನ್ನು ಹಾಗೆಯೇ ಕರೆಯುವುದು. ಅವಳ ಅಜ್ಜ ಒಂದು ಬಿಳಿಯರ ಮನೆಯಲ್ಲಿ ಅಡುಗೆಯವರು. ಆ ಕುಟುಂಬ ದೇಶ ಬಿಟ್ಟು ಹೋಗುವಾಗ ಬೇಡದ್ದನ್ನೆಲ್ಲ ಅಜ್ಜನಿಗೆ ಬಿಟ್ಟಿತ್ತು. ಅದರಲ್ಲೊಂದು ಫ್ರಾನ್ಸಿನ ದೊರೆಯ ಶಿರಚ್ಛೇದದ ಚಿತ್ರ. ಮಕ್ಕಳಿಗಾಗಿ, ಜನ ತಮ್ಮ ದೊರೆಗಳನ್ನು ಹೇಗೆ ನೋಡಿದರು ಎಂಬ ಪ್ರದರ್ಶನ ಮಾಡುತ್ತಿದ್ದಳು. ಅದಕ್ಕೆ ಚಿತ್ರ ಚೊಕ್ಕ ಮಾಡಿ ಫ್ರೇಮು ಹಾಕಬೇಕಿತ್ತು.

ಚಿತ್ರದಲ್ಲಿ ಏನಿತ್ತು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ನಡುವೆ ಎತ್ತರದ ಹಲಗೆಯ ಕಟ್ಟೆ, ಅದರ ಮೇಲೆ ತಲೆ ಕಡಿಯುವ ಯಂತ್ರ. ಕಡಿಯುವವನು ದೊರೆಯ ತಲೆಯನ್ನು ಕೂದಲು ಹಿಡಿದು ಎತ್ತಿ ತೋರಿಸುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಪಾದ್ರಿ ಆಕಾಶದತ್ತ ಬೆರಳು ಮಾಡಿದ್ದಾನೆ. ಎಡಗಡೆ ಒಂದು ಕಲ್ಲಿನ ಪೀಠ, ಮೇಲೆ ವಿಗ್ರಹವಿಲ್ಲ. ಹಿಂದಿನ ದೊರೆಯದ್ದು ಇತ್ತಂತೆ, ಜನ ಉರುಳಿಸಿದ್ದರಂತೆ. ಮುಂದುಗಡೆ ಗುಂಪಿನಲ್ಲಿ ಒಬ್ಬಳು ಹೆಂಗಸು, ಕೈಯಲ್ಲಿ ಬಿಳಿಯ ಕರವಸ್ತ್ರ. ಚಿತ್ರದ ಕೆಳಗೆ ಎರಡು ಸಾಲು ಫ್ರೆಂಚು. ನನಗೂ ವಂಜಿಕುಗೂ ಫ್ರೆಂಚು ಬಾರದು. ಅವಳು ಸ್ನೇಹಿತೆಯೊಬ್ಬಳಿಂದ ಓದಿಸಿಕೊಂಡು ಟೈಪು ಮಾಡಿಟ್ಟಿದ್ದಳು: ಇದು ಒಳ್ಳೆಯ ದೊರೆಯ ಬಲಿ, ಅವನು ತನ್ನನ್ನು ಕೊಂದವರನ್ನೂ ಕ್ಷಮಿಸಿದ ಎಂಬ ಅರ್ಥ. ಅದರ ಆಧಾರದ ಮೇಲೆಯೇ ಪ್ರದರ್ಶನದ ಫಲಕದಲ್ಲಿ, ಇದು ದೊರೆಗಾಗಿ ಅಳುವ ಚಿತ್ರ, ಪಾದ್ರಿ ಸ್ವರ್ಗ ತೋರಿಸುತ್ತಿದ್ದಾನೆ, ಖಾಲಿ ಪೀಠ ಅನಾಥವಾದ ದೇಶ, ಕರವಸ್ತ್ರ ಕಣ್ಣೀರಿಗೆ ಎಂದೆಲ್ಲ ಬರೆದಳು. ಶಾಲೆಯವರಿಗೂ ಹಾಗೇ ಹೇಳಿ ಒಪ್ಪಿಗೆ ಪಡೆದಳು.

ಕೆಲಸಕ್ಕೆ ಕೂತಾಗ ನನಗೆ ಕಂಡದ್ದು ಬೇರೆ. ಆ ಎರಡು ಸಾಲು ಚಿತ್ರದ ಕಾಗದದ ಮೇಲೆ ಅಚ್ಚಾಗಿರಲಿಲ್ಲ, ಎರಡು ಬೆರಳಗಲದ ಒಂದು ಚೀಟಿಯ ಮೇಲಿತ್ತು. ಚೀಟಿಯನ್ನು ನೀಟಾಗಿ ಅಂಟಿಸಿದ್ದರು. ಯಾವುದೋ ಕಾಲದ ರಿಪೇರಿ ಅಂದುಕೊಂಡೆ. ನಮ್ಮ ಕೆಲಸದಲ್ಲಿ ಹಳೆಯ ತೇಪೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಒದ್ದೆ ಒತ್ತುಕಾಗದ ಇಟ್ಟು ಅರ್ಧ ಗಂಟೆ ಬಿಟ್ಟೆ, ಚೀಟಿ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತು. ಕೆಳಗೆ ಅದೇ ಥರದ ಅಕ್ಷರದಲ್ಲಿ ಬೇರೆ ಎರಡು ಸಾಲು. ಅಚ್ಚಿನವನು ಏನೋ ಅಕ್ಷರ ತಪ್ಪು ಮಾಡಿ ಮೇಲೆ ಸರಿ ಮಾಡಿದ್ದಾನೆ, ಮೂಲ ಇದೇ, ಮೂಲವನ್ನು ಉಳಿಸಬೇಕು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಆ ಹೊತ್ತಿಗೆ ಎಲ್ಲದಕ್ಕೂ ಮೊದಲು ಫೋನಿನಲ್ಲಿ ಫೋಟೋ ತೆಗೆಯಬೇಕು ಎಂಬ ನಿಯಮ ಅಂಗಡಿಗೆ ಬಂದಿತ್ತು. ಒಂದು ತೇಪೆಗೆಲ್ಲ ಫೋಟೋ ಯಾಕೆ ಅಂತ ಬಿಟ್ಟೆ. ಅತಿ ಬುದ್ಧಿ ಅಂದರೆ ಇದೇ.

ಹಳೆಯ ಕಾಗದದ ಚೂರನ್ನು ನಮ್ಮವರು ಯಾರೂ ಎಸೆಯುವುದಿಲ್ಲ. ಬಟ್ಟೆಯ ನಾರಿನಿಂದ ಮಾಡಿದ ಆ ಕಾಲದ ಕಾಗದ ಈಗ ಎಲ್ಲಿ ಸಿಗುತ್ತದೆ? ಇನ್ನೊಂದು ಹಳೆಯ ಕಾಗದಕ್ಕೆ ತೇಪೆ ಹಾಕಲು ಅದಕ್ಕಿಂತ ಒಳ್ಳೆಯದಿಲ್ಲ. ಚೀಟಿಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಅದೇ ವಾರ ಪಿಂಟೋ ಮೇಡಂ ತಮ್ಮ ಅಪ್ಪ ಅಮ್ಮನ ಮದುವೆಯ ಸರ್ಟಿಫಿಕೇಟು ಕೊಟ್ಟರು. ಇಗರ್ಜಿಯ ಪಾದ್ರಿ ಕೈಯಿಂದ ಬರೆದದ್ದು, ಮಡಿಕೆಯಲ್ಲಿ ಸೀಳಿಹೋಗಿತ್ತು. ಡಬ್ಬಿ ತೆಗೆದೆ, ಚೀಟಿಯ ದಪ್ಪ ಸರಿಯಾಗಿ ಹೊಂದಿತು. ತುದಿ ಕತ್ತರಿಸಿ, ಅಕ್ಷರದ ಮಗ್ಗುಲನ್ನು ಒಳಕ್ಕೆ ಮಾಡಿ, ಸೀಳಿನ ಬೆನ್ನಿಗೆ ಅಂಟಿಸಿದೆ. ಮೇಡಂ ನೋಡಿ, ಕೈ ಚಂದ ಉಂಟು ಅಂದರು.

ಎರಡು ವಾರದ ಮೇಲೆ ವಂಜಿಕು ಫ್ರೇಮು ಹೊತ್ತು ಅಂಗಡಿಗೆ ಬಂದಳು. ಕೂರು ಅಂದರೂ ಕೂರಲಿಲ್ಲ. ಪ್ರದರ್ಶನದ ಮೊದಲ ದಿನ ಫ್ರೆಂಚು ಬಲ್ಲ ಒಬ್ಬ ತಾಯಿ ಚಿತ್ರದ ಕೆಳಗಿನ ಸಾಲನ್ನು ಜೋರಾಗಿ ಓದಿದ್ದಳಂತೆ. ಅದರಲ್ಲಿ ಇದ್ದದ್ದು ದೊರೆಗಾಗಿ ಕಣ್ಣೀರಲ್ಲ. ದುಷ್ಟನಿಗೆ ತಕ್ಕ ಶಾಸ್ತಿಯಾಯಿತು, ಕಿರೀಟ ಹೊತ್ತ ಉಳಿದವರೂ ನೋಡಿಕೊಳ್ಳಲಿ ಎಂಬ ಎಚ್ಚರಿಕೆ. ನೈರೋಬಿಯಲ್ಲಿ ಆಗ ಹುಡುಗ ಹುಡುಗಿಯರು ಆಳುವವರ ವಿರುದ್ಧ ಬೀದಿಗೆ ಇಳಿದಿದ್ದ ದಿನಗಳು. ತಂದೆತಾಯಂದಿರು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ಟೀಚರು ಒಂದು ಹೇಳಿ ಒಪ್ಪಿಗೆ ಪಡೆದು ಇನ್ನೊಂದನ್ನು ನೇತುಹಾಕಿದ್ದಾಳೆ, ಸುಳ್ಳುಗಾತಿ ಎಂದಾಯಿತು. ಅವಳ ಕೆಲಸದ ಕರಾರು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಓದಿ ಹೇಳಿದ ಸ್ನೇಹಿತೆಯ ಮಾತು ಸಾಲದು, ಚೀಟಿ ಇತ್ತು ಎಂದು ತೋರಿಸದಿದ್ದರೆ ಮುಂದುವರಿಸುವುದಿಲ್ಲ ಅಂದಿದ್ದರು. ಅವಳು ತೆಗೆದಿದ್ದ ಒಂದೇ ಫೋಟೋ ಫೋನಿನಲ್ಲಿತ್ತು, ಆ ಫೋನನ್ನು ಯಾರೋ ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನ ಕಿಟಕಿಯಿಂದ ಕಿತ್ತುಕೊಂಡು ಹೋಗಿದ್ದರು.

"ಮಾಮಾ ಸುಮಿ, ಕೆಳಗೆ ಒಂದು ಚೀಟಿ ಇತ್ತಲ್ಲ, ಎಲ್ಲಿ?" ಎಂದು ಕೇಳಿದಳು.

ಪೋಲೆ, ಪೋಲೆ ಸಾನಾ ಎಂದು ಸ್ವಾಹಿಲಿಯಲ್ಲಿ ಕ್ಷಮೆ ಕೇಳಿದೆ. ಅದರಿಂದ ಅವಳಿಗೆ ಏನು ಬಂತು? ನಾಳೆ ಬಾ ಎಂದು ಕಳಿಸಿದೆ. ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಅದೇ ಚಿತ್ರ, ಒಂದು ಗೆರೆಯೂ ಬದಲಾಗಿಲ್ಲ. ಆದರೆ ಈಗ ಪಾದ್ರಿ ಸ್ವರ್ಗ ತೋರಿಸುತ್ತಿರಲಿಲ್ಲ, ದೇವರೇ ನೋಡು ನ್ಯಾಯವಾಯಿತು ಅನ್ನುತ್ತಿದ್ದ. ಖಾಲಿ ಪೀಠ ಇನ್ನು ಇಲ್ಲಿ ಯಾವ ದೊರೆಯೂ ಬೇಡ ಅನ್ನುತ್ತಿತ್ತು. ಆ ಹೆಂಗಸು ಕರವಸ್ತ್ರವನ್ನು ಬೀಸುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಂದೇ ಚಿತ್ರ ಎರಡೂ ಕಡೆ ಎಳೆಯುತ್ತಿತ್ತು. ಮುಖಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಅಳುವ ಬಾಯಿಯೋ ಕೂಗುವ ಬಾಯಿಯೋ ತಿಳಿಯಲಿಲ್ಲ. ಸಂಜೆ ಗಂಡನಿಗೆ ಚಿತ್ರದ ಫೋಟೋ ತೋರಿಸಿ, ನಿಮಗೆ ಏನು ಕಾಣುತ್ತದೆ ಎಂದು ಕೇಳಿದೆ. ಒಬ್ಬ ಸತ್ತಿದ್ದಾನೆ ಅಂದರು, ಚಹಾ ಕುಡಿದರು.

ಮಾರನೆಯ ಬೆಳಿಗ್ಗೆ ಹೈರಿಡ್ಜ್‌ನಲ್ಲಿದ್ದ ಮೇಡಂ ಮನೆಗೇ ಹೋಗಿ ಎಲ್ಲ ಹೇಳಿದೆ. ಸರ್ಟಿಫಿಕೇಟು ಅವರ ನಡುಮನೆಯ ಗೋಡೆಯಲ್ಲಿತ್ತು.

"ಎಂತ ಮಾಡಿದ್ದು ನೀನು?" ಅಂದರು. "ನನ್ನ ಅಪ್ಪ ಅಮ್ಮನ ಮದುವೆಯ ಬೆನ್ನಿಗೆ ತಲೆ ಕಡಿದ ರಾಜನನ್ನು ಅಂಟಿಸಿದ್ದಾ?"

ಬಿಚ್ಚಿ ಕೊಡುತ್ತೇನೆ ಅಂದೆ. ಹೇಳುವಾಗಲೇ ಅದು ಆಗದ ಮಾತು ಅಂತ ಇಬ್ಬರಿಗೂ ಗೊತ್ತಿತ್ತು. ಅಂಟಿಸುವಾಗ ಗಟ್ಟಿ ಗಂಜಿ ಸವರಿದ್ದೆ, ಅದಕ್ಕೇ ಆಗ ನೀರು ಶಾಯಿಯವರೆಗೆ ಏರಿರಲಿಲ್ಲ. ಬಿಚ್ಚಬೇಕೆಂದರೆ ಚೆನ್ನಾಗಿ ನೆನೆಸಬೇಕು, ನೆನೆಸಿದರೆ ಪಾದ್ರಿಯ ಶಾಯಿ ಹರಡುತ್ತದೆ, ಆ ಇಬ್ಬರ ಹೆಸರೂ ಹೋಗುತ್ತದೆ. ಒಂದು ಕಡೆ ಆ ಹುಡುಗಿಯ ಅನ್ನ, ಇನ್ನೊಂದು ಕಡೆ ಇವರ ಅಪ್ಪ ಅಮ್ಮನ ಹೆಸರು. ನನಗೆ ಅಳು ಬಂತು, ಅತ್ತೆ. ಮೇಡಂ ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿದರು.

"ಬಿಚ್ಚುವುದೆಲ್ಲ ಬೇಡ ಮಾರಾಯ್ತಿ," ಅಂದರು. "ಬೆಳಕಿಗೆ ಹಿಡಿ, ನೋಡುವ."

ಫ್ರೇಮಿನಿಂದ ತೆಗೆದು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆವು. ಬೆಳಗಿನ ಬಿಸಿಲು ನೇರ ಬೀಳುತ್ತಿತ್ತು. ಪಾದ್ರಿಯ ಕೈಬರಹದ ಹಿಂದಿನಿಂದ ಅಚ್ಚಿನ ಕಪ್ಪು ಅಕ್ಷರಗಳು ಎದ್ದವು. ಫೋಟೋ ತೆಗೆದು ದೊಡ್ಡದು ಮಾಡಿದೆವು. ಎರಡು ಬರಹ ಒಂದರ ಮೇಲೊಂದು ಸಿಕ್ಕುಸಿಕ್ಕಾಗಿದ್ದರೂ ಫ್ರೆಂಚು ಬಲ್ಲವರು ಓದಬಹುದಿತ್ತು. ಕತ್ತರಿಸಿದ ತುದಿ ಡಬ್ಬಿಯಲ್ಲೇ ಇತ್ತು. ಎರಡನ್ನೂ ಸೇರಿಸಿದರೆ ವಂಜಿಕು ಟೈಪು ಮಾಡಿದ್ದ ಮಾತು ಪೂರ್ತಿಯಾಗುತ್ತಿತ್ತು.

ಉಳಿದದ್ದು ಶಾಲೆಗೆ ಕಾಗದ ಬರೆಯುವುದು. ಚೀಟಿ ಇತ್ತು, ಕೇಳದೆ ತೆಗೆದದ್ದು ನಾನು, ಟೀಚರ್ ಹೇಳಿದ್ದು ನಿಜ ಎಂದು. ಆ ಶಾಲೆಯ ತಂದೆತಾಯಂದಿರಲ್ಲಿ ಅರ್ಧ ಜನ ನಮ್ಮ ಗಿರಾಕಿಗಳು. ಕೈಗೆ ಕೊಟ್ಟ ಚಿತ್ರದ ಅರ್ಥವನ್ನೇ ತಿರುಗಿಸಿ ಕೊಡುವ ಅಂಗಡಿ ಎಂದು ಹೆಸರು ಬಂದರೆ ಮುಗಿಯಿತು. ತಿಪ್ಪೆ ಸಾರಿಸಬಹುದಿತ್ತು, ಚೀಟಿ ತಾನೇ ಉದುರಿತು ಅನ್ನಬಹುದಿತ್ತು. ನನ್ನ ಹೆಸರಲ್ಲಿ ಬರೆಯುತ್ತೇನೆ, ಅಂಗಡಿಯ ಹೆಸರು ಬೇಡ ಅಂದೆ. ಮೇಡಂ ಒಳಗೆ ಹೋಗಿ ಅಂಗಡಿಯ ಹೆಸರಿದ್ದ ಕಾಗದವನ್ನೇ ತಂದು ನನ್ನ ಮುಂದೆ ಇಟ್ಟರು. "ಇದರಲ್ಲಿ ಬರೆ. ಒಬ್ಬಳೇ ಸಾಯುವುದು ಬೇಡ," ಅಂದರು. ಕೆಳಗೆ ಇಬ್ಬರೂ ಸಹಿ ಮಾಡಿದೆವು.

ಪ್ರಿನ್ಸಿಪಾಲರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೇ. ಕಾಗದ ಓದಿದರು, ಫೋಟೋ ನೋಡಿದರು, ಫ್ರೆಂಚು ಬಲ್ಲ ಆ ತಾಯಿಯನ್ನೇ ಕರೆಸಿ ಓದಿಸಿದರು. ವಂಜಿಕು ಸುಳ್ಳು ಹೇಳಿಲ್ಲ ಎಂದು ಒಪ್ಪಿದರು. ಹಾಗಾದರೆ ಇವೆರಡರಲ್ಲಿ ನಿಜವಾದದ್ದು ಯಾವುದು ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಅಂದೆ. ಕೆಳಗಿನದು ಮೊದಲು ಅಚ್ಚಾದದ್ದು, ಮೇಲಿನದು ಆಮೇಲೆ ಯಾರೋ ಅಂಟಿಸಿದ್ದು, ಯಾರು, ಯಾಕೆ ಎಂದು ಹೇಳುವಷ್ಟು ವಿದ್ಯೆ ನನಗಿಲ್ಲ ಅಂದೆ. ಅವರಿಗೆ ಆ ಉತ್ತರ ಹಿಡಿಸಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದರು: ಚಿತ್ರ ಪ್ರದರ್ಶನದ ಹಾಲಿನಲ್ಲಿ ಬೇಡ, ವಂಜಿಕುವಿನ ತರಗತಿಯ ಒಳಗೆ ಇರಲಿ. ಮತ್ತು ಚೀಟಿಯ ನಕಲು ಮಾಡಿ, ಮೊದಲಿದ್ದ ಹಾಗೆಯೇ ನಾನು ಅಂಟಿಸಿಕೊಡಬೇಕು. ಅಂಟಿಸಿದ್ದನ್ನು ಅವರು ಕಣ್ಣಾರೆ ನೋಡಿದ ಮೇಲೆ ಕರಾರಿಗೆ ಸಹಿ.

ಫೋಟೋದ ಅಕ್ಷರಗಳನ್ನು ಬಿಡಿಸಿ ಹಳೆಯ ಕಾಗದದ ಮೇಲೆ ಅಚ್ಚು ಹಾಕಿಸಿ ಹೊಸ ಚೀಟಿ ಮಾಡಿದೆ. ಗಂಜಿ ಕಾಯಿಸಿ ಕುಂಚ ಹಿಡಿದರೆ ಕೈ ಮುಂದೆ ಹೋಗಲಿಲ್ಲ. ಇನ್ನೂರು ವರ್ಷದ ಹಿಂದೆ ಎಲ್ಲೋ ಒಬ್ಬ ಹೀಗೇ ಕುಂಚ ಹಿಡಿದು ಈ ಸಾಲುಗಳನ್ನು ಮುಚ್ಚಿದ್ದ. ಅವನು ದೊರೆಯ ಭಕ್ತನೋ, ಗಾಳಿ ಬಂದ ಕಡೆ ತೂರಿಕೊಳ್ಳುವ ಅಂಗಡಿಯವನೋ ಎಂದು ನಾನು ದಿನಗಟ್ಟಲೆ ಯೋಚಿಸಿದ್ದೆ. ಎರಡೂ ಅಲ್ಲದೆ, ಯಾರದೋ ಕೆಲಸವನ್ನೋ ಕುತ್ತಿಗೆಯನ್ನೋ ಉಳಿಸಲು ಅಂಟಿಸಿರಬಹುದು ಎಂದು ನನಗೆ ಹೊಳೆದದ್ದು ನಾನೇ ಆ ಜಾಗದಲ್ಲಿ ಕೂತಾಗ. ಮುಚ್ಚಿದರೆ ನಾನು ಸುಳ್ಳಿಗೆ ಕೈ ಹಾಕಿದವಳು, ಮುಚ್ಚದಿದ್ದರೆ ಒಂದು ಹುಡುಗಿಯ ಬದುಕಿಗೆ ಕಲ್ಲು ಹಾಕಿದವಳು. ಇವತ್ತಿಗೂ ನನಗೆ ಅದರ ಲೆಕ್ಕ ಹತ್ತುವುದಿಲ್ಲ.

ವಂಜಿಕು ಎದುರಿಗೇ ಕೂತಿದ್ದಳು. ಮಕ್ಕಳಿಗೆ ನಾನು ಏನು ಓದಿಸಲಿ ಎಂದು ಮೆಲ್ಲಗೆ ಕೇಳಿದಳು. ಕುಂಚವನ್ನು ಚೀಟಿಯ ಮೇಲಿನ ಅಂಚಿಗೆ ಮಾತ್ರ, ಒಂದು ದಾರದಷ್ಟು ಅಗಲ ಎಳೆದೆ. ಚಿತ್ರಗಳನ್ನು ರಟ್ಟಿಗೆ ಕೂರಿಸುವಾಗ ನಾವು ಮಾಡುವುದೇ ಹಾಗೆ, ಒಂದೇ ಅಂಚು ಹಿಡಿದಿರುತ್ತದೆ, ಉಳಿದದ್ದು ಸಡಿಲ, ಎತ್ತಿ ನೋಡಬಹುದು. ಅವಳು ನೋಡಿದಳು.

ಪ್ರಿನ್ಸಿಪಾಲರು ತಮ್ಮ ಮೇಜಿನ ಮೇಲೆ ಚಿತ್ರ ಇಟ್ಟುಕೊಂಡು ಹೆಬ್ಬೆರಳಿನಿಂದ ಚೀಟಿಯನ್ನು ಎಡದಿಂದ ಬಲಕ್ಕೆ ಒತ್ತಿ ನೋಡಿದರು. ಒತ್ತಿದ್ದು ಮೇಲಿನ ಅಂಚನ್ನು.

"ಗಟ್ಟಿಯಾಗಿ ಅಂಟಿದೆ ತಾನೆ?" ಎಂದು ಕೇಳಿದರು.

ಅಂಟಿದೆ ಅಂದೆ. ಅವರು ಪೆನ್ನು ತೆಗೆದು ಕರಾರಿಗೆ ಸಹಿ ಹಾಕಿದರು.

ಆರೇಳು ತಿಂಗಳ ಮೇಲೆ, ನಾನು ಅಂಗಡಿ ಬಿಡುವ ಸ್ವಲ್ಪ ಮುಂಚೆ, ವಂಜಿಕು ಅದೇ ಚಿತ್ರ ತಂದಳು. ರಟ್ಟಿನ ಮೂಲೆ ಮುರಿದಿತ್ತು, ಬದಲಾಯಿಸಬೇಕಿತ್ತು. ಗಾಜು ಹಾಕದೆ ತರಗತಿಯ ಮೇಜಿನ ಮೇಲೆ ಇಡುತ್ತಿದ್ದಾಳೆ ಎಂದು ಕೇಳಿ ಸರಿಯಾಗಿ ಬೈದೆ. ಚೀಟಿಯ ವಿಷಯ ಮಕ್ಕಳಿಗೆ ತಾನೇನೂ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ ಅಂದಳು. ದೀಪದ ಕೆಳಗೆ ಇಟ್ಟು ನೋಡಿದೆ. ಚಿತ್ರ ಚೊಕ್ಕವಾಗಿತ್ತು, ಚೀಟಿಯ ಮೇಲಿನ ಅಂಚೂ ಬೆಳ್ಳಗಿತ್ತು. ಕೆಳಗಿನ ಅಂಚು ಮಾತ್ರ ಉದ್ದಕ್ಕೂ ಕಪ್ಪಾಗಿ, ಮೆತ್ತಗಾಗಿ, ಸ್ವಲ್ಪ ಮೇಲಕ್ಕೆ ಸುರುಳಿಯಾಗಿತ್ತು. ಅಂಚಿನ ತುಂಬ ಪುಟ್ಟ ಪುಟ್ಟ ಬೆರಳುಗಳ ಗುರುತು. ಅಭ್ಯಾಸದಂತೆ ರಬ್ಬರು ಕೈಗೆ ತೆಗೆದುಕೊಂಡೆ, ಆಮೇಲೆ ಅದನ್ನು ಡ್ರಾಯರಿನಲ್ಲಿಟ್ಟು ರಟ್ಟು ಮಾತ್ರ ಬದಲಾಯಿಸಿ ಕೊಟ್ಟೆ.